ಚಾಕಿ ಅಕ್ಕನ ಎರಡನೇ ಬ್ಯಾಟರಿ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾನು ಹೈಸ್ಕೂಲಿನಲ್ಲಿ ಎಷ್ಟು ಸಲ ಪ್ರಶ್ನೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮಕ್ಕಳೂ ಒಂದೇ ಅಚ್ಚಿನಲ್ಲಿ ಬರೆದುಕೊಡುತ್ತಿದ್ದರು. ಗಾದೆ ವೇದಕ್ಕೆ ಸಮಾನ, ಮನುಷ್ಯ ತನ್ನ ಮಿತಿ ಅರಿತು ಬಾಳಬೇಕು, ಇತ್ಯಾದಿ. ನಾನೂ ಪೂರ್ತಿ ಅಂಕ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ನಮ್ಮ ಪಕ್ಕದ ಮನೆಯಾಕೆ ಅದನ್ನು ವಿಸ್ತರಿಸಿದ್ದು ಬೇರೆ ರೀತಿ.

"ಕಾಲ್ ಉದ್ದ ಐತೆ ಅಂತ ಕತ್ತರ್ಸ್ಕೊಳಕ್ಕಾಯ್ತದಾ ಟೀಚ್ರಮ್ಮ? ಹಾಸ್ಗೆ ಉದ್ದ ಮಾಡುಸ್ಬೇಕು."

ಹಾಸಿಗೆ ಎಂದರೆ ಅವರ ಲೆಕ್ಕದಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ಆ ಮಾತು ಹೇಳಿದ ದಿನ ಅವರು ನಮ್ಮ ಜಗಲಿಯ ಮೇಲೆ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಮಜ್ಜಿಗೆ ಕುಡಿಯುತ್ತಿದ್ದರು. ಅವರು ಹೋಗಿ ಈಗ ಎರಡು ತಿಂಗಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರೂ ಹೆಸರು ಹಿಡಿದು ಕರೆದವರಲ್ಲ. ರಾಮನಗರದಿಂದ ಕನಕಪುರದ ಆಚೆಯವರೆಗೆ ಅವರು ಚಾಕಿ ಅಕ್ಕ.

ರಾಮನಗರ ಮುಗಿದು ಕನಕಪುರದ ರಸ್ತೆ ಶುರುವಾಗುವ ಕಡೆ ನಮ್ಮ ಎರಡು ಮನೆ. ಅವರ ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ತಗ್ಗು ಬಾಗಿಲಿನ ಚಾಕಿ ಮನೆ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎಳೆಗೂಸಿನ ಹಾಗೆ ಸಾಕಿ, ಎರಡನೇ ಜ್ವರಕ್ಕೆ ಕೂತಾಗ ರೈತರ ಮನೆಗೆ ಕೊಡುವುದು ಅವರ ಕೆಲಸ. ಜ್ವರ ಎಂದರೆ ಇಲ್ಲಿ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದಲ್ಲ, ಆ ಒಂದು ದಿನದ ನಿದ್ದೆಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸಾಗಿಸುವುದಿದ್ದರೆ ಆ ನಿದ್ದೆಯಲ್ಲೇ ಸಾಗಿಸಬೇಕು. ಎದ್ದ ಹುಳುವಿಗೆ ಎಳೆ ಸೊಪ್ಪು ಬೇಕು, ದಾರಿಯಲ್ಲಿ ಕಾಯುವ ತಾಳ್ಮೆ ಅದಕ್ಕಿಲ್ಲ. ಆ ತಾಳ್ಮೆ ಅಕ್ಕನಿಗೂ ಇರಲಿಲ್ಲ ಬಿಡಿ.

ಅವರ ಮನೆಗೆ ನಾನು ಮೊದಲ ಸಲ ಹೋದದ್ದು ಯುಗಾದಿಯ ಒಬ್ಬಟ್ಟು ಹಿಡಿದುಕೊಂಡು. ಹೊಸದಾಗಿ ಬಂದ ನೆರೆಯವಳು, ಒಳ್ಳೆಯ ಸೀರೆ ಉಟ್ಟು, ಮುಖಕ್ಕೆ ಒಂದಿಷ್ಟು ಪೌಡರ್ ಹಚ್ಚಿ, ಮಲ್ಲಿಗೆ ಮುಡಿದು ಹೋಗಿದ್ದೆ. ಕುಳ್ಳನೆಯ, ಗಟ್ಟಿ ಮೈಯ ಹೆಂಗಸೊಬ್ಬರು ಚಾಕಿ ಮನೆಯ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತರು. ಮೂಗು ಅರಳಿಸಿ ನನ್ನನ್ನು ಮೇಲಿಂದ ಕೆಳಗೆ ಮೂಸಿದರು.

"ಪೌಡ್ರು. ಹೂವ. ತಲೆಗೆ ವಾಸ್ನೆ ಎಣ್ಣೆ. ಅಲ್ಲೇ ನಿಂತ್ಕಳಿ ತಾಯಿ. ಒಬ್ಬಟ್ಟು ಮಾತ್ರ ಈಚೆಗೆ ಕೊಡಿ."

ಹಬ್ಬದ ದಿನ ಇಂಥ ಸ್ವಾಗತ. ನಾನು ಉರಿದುಕೊಂಡು ವಾಪಸ್ ಬಂದೆ. ಸಂಜೆ ಅವರೇ ಪಾತ್ರೆ ತೊಳೆದು, ಅದರ ತುಂಬ ತೋಟದ ನುಗ್ಗೆಕಾಯಿ ಹಾಕಿಕೊಂಡು ಬಂದರು. ಕ್ಷಮೆ ಗಿಮೆ ಏನಿಲ್ಲ. "ನಿಮ್ ಒಬ್ಬಟ್ಟಲ್ಲಿ ಬೆಲ್ಲ ಒಸಿ ಕಮ್ಮಿ" ಅಂದರು. ಅಂದಿನಿಂದ ನಾವು ಸ್ನೇಹಿತೆಯರು.

ರೇಷ್ಮೆ ಮನೆಯಲ್ಲಿ ವಾಸನೆಗೆ ಹೆದರುವುದು ಹೊಸದೇನಲ್ಲ. ಅದರಲ್ಲೂ ಹೊಗೆಸೊಪ್ಪು ಹುಳುವಿಗೆ ವಿಷ. ಬೀಡಿ ಹಿಡಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಮುಟ್ಟು, ಮೈಲಿಗೆ, ಸೂತಕದ ಕಟ್ಟುಪಾಡುಗಳೂ ಇವೆ. ಅಕ್ಕ ಇವೆರಡನ್ನೂ ಬೇರೆ ಬೇರೆ ಮಾಡಿ ಇಟ್ಟಿದ್ದರು. ಹೊಗೆ ನಿಜ, ಸೂತಕ ಸುಳ್ಳು. ಅವರ ಗಂಡ ತೀರಿಕೊಂಡ ದಿನ ಹಟ್ಟಿಯ ತುಂಬ ಜನ ಸೇರಿ ಅಳುತ್ತಿದ್ದಾಗ ಇವರು ನಡುವೆ ಎದ್ದು, ಕೈಕಾಲು ತೊಳೆದು, ಚಾಕಿ ಮನೆಗೆ ಹೋಗಿ ಸೊಪ್ಪು ಕೊಚ್ಚಿ ಹಾಕಿ ಬಂದರಂತೆ. ಹೆಂಗಸರು ಬಾಯಿ ಮೇಲೆ ಬೆರಳಿಟ್ಟುಕೊಂಡರಂತೆ. ನನಗೆ ಅವರೇ ಹೇಳಿದ್ದು:

"ಹುಳಕ್ಕೇನ್ ಗೊತ್ತು ನಮ್ಮನೆ ಸೂತ್ಕ? ಎದ್ರೆ ಸೊಪ್ಪು ಕೇಳ್ತದೆ. ಅಳಾದು ಆಮ್ಯಾಕೂ ಅಳ್ಬೋದು ಟೀಚ್ರಮ್ಮ. ಅತ್ತೆ ಕಣಮ್ಮ, ತೋಟ್ದಾಗೆ ಕುಂತ್ಕಂಡು, ಯಾರೂ ಇಲ್ದಾಗ."

ಗಂಡ ಹೋದ ಮೇಲೆ ಚಾಕಿ ಮನೆ ಅಕ್ಕನದು, ಹುಳು ಸಾಗಿಸುವ ವ್ಯಾನು ಮೈದುನನದು ಎಂದು ಆಯಿತು. ಮೈದುನ ಕೆಟ್ಟವನಲ್ಲ. ಅತ್ತಿಗೆಗೆ ಊಟ ಬಟ್ಟೆ ಕಡಿಮೆ ಮಾಡಿದವನೂ ಅಲ್ಲ. ಆದರೆ ಹೆಂಗಸಿನ ಜಾಗ ಒಳಗೆ, ಗಂಡಸಿನ ಜಾಗ ಸ್ಟೇರಿಂಗಿನ ಮುಂದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಇನ್ನೊಂದು, ಬೀಡಿ. ಒಂದು ಆರುವ ಮುಂಚೆ ಇನ್ನೊಂದು ಹತ್ತಬೇಕು. ವ್ಯಾನಿನ ಡೀಸೆಲ್ ಹೊಗೆಯ ಮೇಲೆ ಬೀಡಿಯ ಹೊಗೆ.

ಕನಕಪುರ ದಾಟಿ, ಬೆಟ್ಟದ ಬುಡದ ಕಲ್ಲುಗಳ ನಡುವೆ, ನಾಲ್ಕಾರು ಮನೆಗಳ ಒಂದು ದೊಡ್ಡಿ ಇದೆ. ಅಲ್ಲಿಯವರು ಅಕ್ಕನ ಹಳೆಯ ಗಿರಾಕಿಗಳು. ಹತ್ತಿರದ ಊರುಗಳಿಗೆ ಹೋದ ಹುಳುವೆಲ್ಲ ಚೆನ್ನಾಗಿ ಬೆಳೆದು ಗೂಡು ಕಟ್ಟುತ್ತಿತ್ತು. ದೂರದ ಆ ದೊಡ್ಡಿಗೆ ಹೋದದ್ದು ಮಾತ್ರ ಬೆಳೆಯಿಂದ ಬೆಳೆಗೆ ಕೆಡತೊಡಗಿತು. ಒಂದು ದಿನ ಅಲ್ಲಿಯ ಹೆಂಗಸರು ಬಸ್ಸು ಹತ್ತಿ ಬಂದರು. ಜಗಳಕ್ಕಲ್ಲ, ಗೋಗರೆಯುವುದಕ್ಕೆ.

"ಹುಳ ಜ್ವರ ಬುಟ್ಟು ಏಳಂಗೇ ಇಲ್ಲ ಕಣಕ್ಕ. ಎದ್ರೂ ಸೊಪ್ಪು ಮುಟ್ಟಾಕಿಲ್ಲ. ಟ್ರೇ ಮೂಸುದ್ರೆ ಬೀಡಿ ನಾತ."

ಮೈದುನ ಅಲ್ಲೇ ಇದ್ದ. "ನಾಕ್ ಮನೆಗೋಸ್ಕರ ಅಷ್ಟು ದೂರ ಬತ್ತೀನಲ್ಲ, ಅದೇ ದೊಡ್ದು. ಬೇಕಾದ್ರೆ ತಕ್ಕಳ್ಳಿ, ಬ್ಯಾಡಾದ್ರೆ ಬುಡಿ" ಅಂದ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಅವ್ರೂ ಬುಡಾಕಿಲ್ಲ, ನಾನೂ ಬುಡಾಕಿಲ್ಲ. ಇನ್ಮ್ಯಾಕೆ ಈ ದೊಡ್ಡಿಗೆ ನಾನೇ ಕೊಟ್ಬತ್ತೀನಿ."

ಮುಂದಿನ ವಾರವೇ ಎಲೆಕ್ಟ್ರಿಕ್ ಸ್ಕೂಟರ್ ಬಂತು. ಹೊಗೆಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ, ಅಷ್ಟು ಸಾಕು ಅವರಿಗೆ. ಹಿಂದಿನ ಸೀಟಿನ ಮೇಲೆ ಕಬ್ಬಿಣದ ಚೌಕಟ್ಟು ಹಾಕಿಸಿ, ಚಾಕಿ ಟ್ರೇಗಳನ್ನು ಒಂದರ ಮೇಲೊಂದು ಕೂರಿಸಿ, ಬಿಳಿ ಪಂಚೆ ಸುತ್ತಿದರು. ಸೆರಗಿನ ಮೇಲೆ ಹೆಲ್ಮೆಟ್ಟು. ಬೀದಿಯವರೆಲ್ಲ ನೋಡುವುದಕ್ಕೆ ನಿಂತೆವು. ಮೈದುನ ವ್ಯಾನಿಗೆ ಒರಗಿಕೊಂಡು ನಕ್ಕ.

"ಅತ್ಗೆ, ಆಟದ್ ಸಾಮಾನು ಕನಕಪುರ ಮುಟ್ಟಿ ವಾಪಸ್ ಬಂದ್ರೆ ಹೆಚ್ಚು. ಬೆಟ್ಟದ್ ತಾವ ಎಲ್ಲಿ ಹೋದದು? ಹಾಸ್ಗೆ ಇದ್ದಷ್ಟು ಕಾಲ್ ಚಾಚು. ಚಾರ್ಜ್ ಮುಗುದ್ರೆ ಫೋನ್ ಮಾಡು, ವ್ಯಾನ್ ತತ್ತೀನಿ."

"ಮಾಡಿದ್ ದಿನ ನೋಡ್ಕ ಹೋಗ್" ಅಂದು ಅಕ್ಕ ಹೊರಟೇಬಿಟ್ಟರು.

ಆ ಫೋನು ಸಣ್ಣದಾಗಿರಲಿಲ್ಲ. ಒಂದು ಸಲ ಅದನ್ನು ಮಾಡಿದರೆ ದೊಡ್ಡಿಯ ಹುಳು ಮತ್ತೆ ವ್ಯಾನಿಗೆ ಹೋಗುತ್ತದೆ, ಅಕ್ಕ ಮತ್ತೆ ಟ್ರೇ ತೊಳೆಯುವ ತೊಟ್ಟಿಯ ಹತ್ತಿರಕ್ಕೆ ಹೋಗುತ್ತಾರೆ. ಇದು ಅವರಿಗೂ ಗೊತ್ತು, ಮೈದುನನಿಗೂ ಗೊತ್ತು, ಬೇಲಿಯ ಈಚೆ ನಿಂತ ನನಗೂ ಗೊತ್ತು.

ಮೈದುನನ ಮಾತಿನಲ್ಲಿ ಅರ್ಧ ನಿಜವಿತ್ತು, ಅದೇ ಕಷ್ಟ. ಗಾಡಿಯ ಜೊತೆ ಬಂದ ಬ್ಯಾಟರಿ ಕಲ್ಲಿನ ಹಾಗೆ ಭಾರವಾದ ಹಳೇ ಮಾದರಿಯದು. ಹೋಗುವಾಗ ಕನಕಪುರದಲ್ಲಿ ನೆಂಟರ ಮನೆಯಲ್ಲಿ ಚಾರ್ಜಿಗೆ ಹಾಕಿ ಕಾಯಬೇಕು. ಅಷ್ಟರಲ್ಲಿ ಬಿಸಿಲೇರುತ್ತದೆ, ಹುಳುವಿನ ನಿದ್ದೆ ತೆಳುವಾಗುತ್ತದೆ. ಬರುವಾಗ ದಾರಿಯಲ್ಲಿ ತಳ್ಳಿಕೊಂಡು ಬಂದದ್ದೂ ಉಂಟು. ಶೋರೂಮಿಗೆ ಹೋಗಿ ದೊಡ್ಡ ಬ್ಯಾಟರಿ ಹಾಕಿಕೊಡಿ ಎಂದರೆ ಅಲ್ಲಿಯ ಹುಡುಗ, ಕಂಪನಿ ಕೊಟ್ಟದ್ದು ಬಿಟ್ಟು ಬೇರೆ ಹಾಕಿದರೆ ವಾರಂಟಿ ಹೋಗುತ್ತದೆ ಅಮ್ಮ ಎಂದನಂತೆ.

"ನಂಗೇ ವಾರಂಟಿ ಇಲ್ಲ ಕಣಪ್ಪ, ಗಾಡಿಗ್ಯಾಕೆ?" ಎಂದು ಅಕ್ಕ ಎದ್ದು ಬಂದರು.

ಬಂದವರು ನೇರ ಹೋದದ್ದು ಚನ್ನಪಟ್ಟಣಕ್ಕೆ. ಅಲ್ಲಿ ಒಬ್ಬ ಭಾಯ್ ಇದ್ದಾರೆ. ಅಪ್ಪ, ತಾತ ಬೊಂಬೆ ಮಾಡಿದವರು. ಮನೆಯ ಹಿಂಭಾಗದಲ್ಲಿ ತಮ್ಮ ಈಗಲೂ ಮರ ಕಡೆದು ಅರಗು ಹಚ್ಚುತ್ತಾನೆ, ಮುಂಭಾಗದಲ್ಲಿ ಇವರು ಆಟೋಗಳಿಗೆ, ಸ್ಕೂಟರುಗಳಿಗೆ ಲಿಥಿಯಂ ಬ್ಯಾಟರಿ ಕಟ್ಟಿಕೊಡುತ್ತಾರೆ. ಹಳೇ ಬ್ಯಾಟರಿ ತೆಗೆದು, ಅದರ ಅರ್ಧದಷ್ಟೂ ತೂಕವಿಲ್ಲದ ಹೊಸದನ್ನು ಸೀಟಿನ ಕೆಳಗೆ ಕೂರಿಸಿದರು. ಅಕ್ಕ ಅದನ್ನು ಮನೆಗೆ ತಂದವರೇ ಮೂಸಿ ನೋಡಿ ಮುಖ ಕಿವುಚಿದರು. ಅರಗಿನ ವಾಸನೆ! ಬ್ಯಾಟರಿಯನ್ನು ಬಿಚ್ಚಿ ಬೇವಿನ ಮರದ ನೆರಳಿನಲ್ಲಿ ಗಾಳಿಗಿಟ್ಟರು. ಮೂಗಿಗೆ ಒಪ್ಪಿಗೆಯಾಗುವವರೆಗೆ ಅದಕ್ಕೆ ಹುಳುವಿನ ಹತ್ತಿರ ಪ್ರವೇಶವಿಲ್ಲ. ನನ್ನ ಪೌಡರಿಗೆ ಆದ ಗತಿಯೇ ಅದಕ್ಕೂ ಆದದ್ದು ನೋಡಿ ನನಗೆ ಒಳಗೊಳಗೇ ಸಮಾಧಾನ.

ಹೊಸ ಬ್ಯಾಟರಿಯಲ್ಲಿ ಗಾಡಿ ಕನಕಪುರ ದಾಟಿ ಬೆಟ್ಟದ ಬುಡದವರೆಗೆ ನಿಲ್ಲದೆ ಹೋಯಿತು. ಏರು ಸಿಕ್ಕಿದ ಕಡೆ ತೊಂದರೆ ಶುರುವಾಯಿತು. ಬ್ಯಾಟರಿಯೊಳಗೆ ಕಾವಲಿಗೆಂದು ಒಂದು ಬೋರ್ಡು ಇರುತ್ತದಂತೆ, ತೀರಾ ಬಿಸಿಯಾದರೆ ಅದೇ ಕರೆಂಟು ಕತ್ತರಿಸುತ್ತದೆ. ಬೇಸಿಗೆಯ ಬಿಸಿಲು, ಟ್ರೇಗಳ ಭಾರ, ಏರು, ಇಷ್ಟೂ ಸೇರಿ ಗಾಡಿ ನಡುದಾರಿಯಲ್ಲಿ ನಿಲ್ಲುವುದು, ತಣ್ಣಗಾದ ಮೇಲೆ ಹೊರಡುವುದು. ಅಕ್ಕ ಸೀಟು ಎತ್ತಿ ಮುಟ್ಟಿ ನೋಡಿದರು. ಬ್ಯಾಟರಿ ಸುಡುತ್ತಿತ್ತು.

ಇಲ್ಲಿ ಅವರು ಮಾಡಿದ ಕೆಲಸವನ್ನು ರೇಷ್ಮೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಚಾಕಿ ಮನೆ ಕಾದರೆ ಏನು ಮಾಡುತ್ತಾರೆ? ಗೋಣಿಚೀಲ ನೆನೆಸಿ ಸುತ್ತ ಇಳಿಬಿಡುತ್ತಾರೆ. ಹುಟ್ಟಿದಾಗಿನಿಂದ ಅವರ ಕೈ ಕಲಿತದ್ದು ಅದು. ಮುಂದಿನ ಸಲ ಹೊರಡುವಾಗ ಅಕ್ಕ ಒಂದು ಗೋಣಿಯನ್ನು ಚೆನ್ನಾಗಿ ನೆನೆಸಿ, ಅರ್ಧಂಬರ್ಧ ಹಿಂಡಿ, ಬ್ಯಾಟರಿಗೆ ಮೆತ್ತಗೆ ಹೊದಿಸಿ ಸೀಟು ಮುಚ್ಚಿದರು. ನಾನು ಕಣ್ಣಾರೆ ನೋಡಿದೆ. "ಕರೆಂಟು ಕಣಕ್ಕ" ಎಂದೂ ಅಂದೆ. "ಜೀವ ಇರೋ ಎಲ್ಲಕ್ಕೂ ತಂಪು ಬೇಕು ಟೀಚ್ರಮ್ಮ" ಎಂದರು. ನಾನು ಕನ್ನಡ ಪಾಠದವಳು, ವಿಜ್ಞಾನದವಳಲ್ಲ.

ಕನಕಪುರ ದಾಟಿ ಸ್ವಲ್ಪ ದೂರದಲ್ಲಿ ಗಾಡಿ ಒಂದು ಸಲ ಕೆಮ್ಮಿದ ಹಾಗೆ ಮಾಡಿ ಸತ್ತಿತು. ಮೀಟರ್ ಕಪ್ಪಾಯಿತು. ತಣ್ಣಗಾದರೂ ಏಳಲಿಲ್ಲ. ಗೋಣಿಯ ನೀರು ಇಳಿದು ಜೋಡಣೆಗಳ ಒಳಗೆ ಹೋಗಿತ್ತು. ಮುಂದಿನದನ್ನು ಅಕ್ಕ ನನಗೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾರೆ ಎಂದರೆ ನಾನೇ ಅಲ್ಲಿದ್ದೆನೇನೋ ಅನ್ನಿಸುತ್ತದೆ. ಹೊಂಗೆ ಮರದ ಕೆಳಗೆ ಟ್ರೇ ಇಳಿಸಿ ಪಂಚೆ ಸರಿಸಿದರೆ, ಒಂದೊಂದೇ ಹುಳು ತಲೆ ಆಡಿಸುತ್ತಿದೆ. ಜ್ವರ ಬಿಡುತ್ತಿದೆ. ಫೋನು ಸೊಂಟದಲ್ಲಿದೆ. ಮೈದುನನಿಗೆ ಒಂದು ಮಾತು ಹೇಳಿದರೆ ವ್ಯಾನು ಬರುತ್ತದೆ. ಅಕ್ಕ ಫೋನು ತೆಗೆದು ಬಿಚ್ಚಿಟ್ಟ ಹಗ್ಗದ ಕೆಳಗೆ ತುರುಕಿ, ಪಕ್ಕದ ಹೊಲದ ಬೇಲಿ ಹಾರಿದರು. ಅಲ್ಲಿ ಹಿಪ್ಪುನೇರಳೆ ಇತ್ತು. ಎಳೆ ಸೊಪ್ಪು ಕುಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಕೂಗು.

"ಯಾವಳೇ ಅವ್ಳು, ಹಗಲೊತ್ನಲ್ಲೇ ಸೊಪ್ಪು ಕದೀತಿರೋದು?"

ಕುಡುಗೋಲು ಹಿಡಿದು ಬಂದವಳು ಕೆಂಪಮ್ಮ. ಆ ಹೊಲದ ಒಡತಿ, ಎತ್ತರದ ಹೆಂಗಸು, ಬಾಯಿ ಅಕ್ಕನಿಗಿಂತ ಜೋರು. ಅಕ್ಕ ತಿರುಗಿ ಕೇಳಿದ ಪ್ರಶ್ನೆ ಒಂದೇ.

"ಔಷ್ದಿ ಹೊಡ್ದಿದೀಯೇನವ್ವ ಇದ್ಕೆ?"

"ಕಳ್ಳಿಗೆ ಅದ್ಯಾಕೆ ಬೇಕು?"

"ಹೊಡ್ದಿದ್ರೆ ನನ್ ಮಕ್ಳು ಸಾಯ್ತವೆ. ಬೇಗ ಹೇಳು, ಆಮ್ಯಾಕೆ ಬಯ್ಯುವಂತೆ."

ಕೆಂಪಮ್ಮ ರಸ್ತೆಯ ಕಡೆ ನೋಡಿದಳು, ಟ್ರೇ ನೋಡಿದಳು. ರೇಷ್ಮೆ ಸಾಕಿದ ಹೆಂಗಸಿಗೆ ಹೆಚ್ಚು ಹೇಳಬೇಕಾಗಿಲ್ಲ. "ಹೊಡ್ದಿಲ್ಲ. ಆ ಸೊಪ್ಪು ಬುಡು, ಬಲ್ತದೆ. ಈಕಡೀಕ್ ಬಾ" ಎಂದು ತಾನೇ ಎಳೆಯದನ್ನು ಕುಯ್ದು ಕೊಟ್ಟಳು. ಮೊದಲು ಒಂದು ಮೂಲೆಯ ಹುಳುವಿಗೆ ಹಾಕಿ ನೋಡಿ, ತಿಂದದ್ದನ್ನು ಖಾತ್ರಿ ಮಾಡಿಕೊಂಡು, ಇಬ್ಬರೂ ಹೊಂಗೆಯ ನೆರಳಿನಲ್ಲಿ ಕೂತು ಕುಡುಗೋಲಿನಲ್ಲೇ ಸೊಪ್ಪು ಕೊಚ್ಚಿ ಎಲ್ಲ ಟ್ರೇಗಳಿಗೂ ಉದುರಿಸಿದರು. ಆಮೇಲೆ ಗಾಡಿಯನ್ನು ಕೆಂಪಮ್ಮನ ಹಟ್ಟಿಗೆ ತಳ್ಳಿ, ಟ್ರೇಗಳನ್ನು ತಲೆಯ ಮೇಲೆ ಹೊತ್ತು, ಉಳಿದ ದಾರಿಯನ್ನು ಇಬ್ಬರೂ ನಡೆದೇ ಹತ್ತಿದರು. ದೊಡ್ಡಿಯ ಹೆಂಗಸರು ಅರ್ಧ ದಾರಿಗೆ ಇಳಿದು ಬಂದು ಹೊರೆ ಇಳಿಸಿಕೊಂಡರಂತೆ. ಆ ಬೆಳೆ ಕೆಡಲಿಲ್ಲ. ವ್ಯಾನು ಬರಲಿಲ್ಲ.

ಬ್ಯಾಟರಿ ಹಿಡಿದುಕೊಂಡು ಅಕ್ಕ ಮತ್ತೆ ಚನ್ನಪಟ್ಟಣಕ್ಕೆ ಹೋದಾಗ, ಮೊಮ್ಮಗಳಿಗೆ ಬೊಂಬೆ ತರುವ ನೆಪದಲ್ಲಿ ನಾನೂ ಬಸ್ಸಿನಲ್ಲಿ ಜೊತೆಗೆ ಹೋದೆ. ನಿಜವಾಗಿ ನನಗೆ ಬೇಕಿದ್ದದ್ದು ಭಾಯ್ ಬೈಯುವುದನ್ನು ನೋಡುವುದು. ಅವರು ಮುಚ್ಚಳ ತೆಗೆದು, ಹಸಿರು ಕಿಲುಬು ಹಿಡಿದ ತಂತಿಗಳನ್ನು ನೋಡಿ ಹಣೆ ಚಚ್ಚಿಕೊಂಡರು.

"ಅಲ್ಲಾ! ಅಕ್ಕಾ, ಇದು ಹುಳ ಅಲ್ಲ. ಒದ್ದೆ ಗೋಣಿ ಯಾರ್ ಹೊದ್ಸುದ್ರು?"

"ನಾನೇ ಕಣಪ್ಪ. ಕಾಯ್ತಿತ್ತು, ತಂಪು ಮಾಡ್ದೆ. ಇನ್ನೇನ್ ಬಿಸ್ನೀರ್ ಹುಯ್ಬೇಕಿತ್ತಾ?"

ತಪ್ಪು ಒಪ್ಪಿಕೊಳ್ಳುವುದು ಅವರ ಜಾತಕದಲ್ಲೇ ಇರಲಿಲ್ಲ. ಭಾಯ್ ನಗುವುದೋ ಅಳುವುದೋ ತಿಳಿಯದೆ ಒಂದು ಸ್ಟೂಲು ಎಳೆದು ಅಕ್ಕನನ್ನು ಕೂರಿಸಿದರು. ನೀರಲ್ಲ, ಗಾಳಿ ಬೇಕು ಇದಕ್ಕೆ ಎಂದರು. ಅದಕ್ಕಿಂತ ಮುಖ್ಯ, ಏರಿನಲ್ಲಿ ಅಷ್ಟು ಭಾರವನ್ನು ಒಂದೇ ಬ್ಯಾಟರಿ ಎಳೆಯುತ್ತಿದೆ, ಅದಕ್ಕೇ ಕಾಯುತ್ತಿದೆ, ಇನ್ನೊಂದು ಜೊತೆಗೆ ಹಾಕಿದರೆ ಎರಡೂ ಹಂಚಿಕೊಂಡು ಎಳೆಯುತ್ತವೆ, ಬಿಸಿಯೂ ಕಡಿಮೆ, ದೂರವೂ ಹೆಚ್ಚು ಎಂದರು.

"ಹಂಗಂದ್ರೆ ಇಷ್ಟ್ ದಿನ ಒಂಟೆತ್ತಲ್ಲಿ ಉತ್ತಂಗಾಯ್ತು" ಎಂದರು ಅಕ್ಕ. "ಜೋಡಿ ಹಾಕು."

"ಆದ್ರೆ ಒಂದು ಮಾತು ನೆನಪಿರ್ಲಿ ಅಕ್ಕಾ. ಎರಡೂ ಪೂರ್ತಿ ಚಾರ್ಜ್ ಆಗಿ ಸಮ ಆದ್ಮೇಲೇ ಜೋಡಿ ಮಾಡ್ಬೇಕು. ಒಂದು ತುಂಬಿ ಒಂದು ಖಾಲಿ ಇದ್ದಾಗ ಸೇರ್ಸಿದ್ರೆ ಬೆಂಕಿ."

ಅಕ್ಕ ನನ್ನ ಕಡೆ ತಿರುಗಿದರು. "ಮದ್ವೇನೂ ಹಂಗೇ ಅಲ್ವಾ ಟೀಚ್ರಮ್ಮ?"

ಕಾಲಿಡುವ ಜಾಗದಲ್ಲಿ ಎರಡನೇ ಬ್ಯಾಟರಿಗೆ ತಗಡಿನ ಪೆಟ್ಟಿಗೆ ಮಾಡಿಸಿದರು, ಸುತ್ತ ಗಾಳಿಯಾಡಲು ತೂತು, ಕೆಳಗೆ ನೀರು ನುಗ್ಗದ ಹಾಗೆ ಮರೆ. ಎತ್ತಿಕೊಳ್ಳಲು ಹಿಡಿ ಬೇಕಲ್ಲ, ಅದನ್ನು ಭಾಯ್‌ನ ತಮ್ಮ ಮರದಲ್ಲಿ ಕಡೆದು ಕೆಂಪು ಹಳದಿ ಅರಗು ಹಚ್ಚಿಕೊಟ್ಟ. ವಾಸನೆ ಹೋಗುವವರೆಗೆ ಅದೂ ಬೇವಿನ ಮರದ ಕೆಳಗೆ ಕಾಯಬೇಕಾಯಿತು. ಒಣಗಿದ ಮೇಲೆ ನೋಡುವುದಕ್ಕೆ ತುಂಬ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಅಕ್ಕನ ಗಾಡಿ ದೊಡ್ಡಿ ಮುಟ್ಟಿ, ವಾಪಸ್ ಮನೆ ಸೇರಿ, ಮೀಟರಿನಲ್ಲಿ ಇನ್ನೂ ಕಡ್ಡಿ ಉಳಿಸಿಕೊಂಡು ನಿಲ್ಲುತ್ತಿತ್ತು. ಚಾರ್ಜು ತೋರಿಸುವ ಗೆರೆಗಳಿಗೆ ಅವರು ಕಡ್ಡಿ ಎನ್ನುತ್ತಿದ್ದರು. ಬೈರಮಂಗಲದ ಕಡೆಯವರೂ ಕರೆದರು, ಮಾಗಡಿಯ ಕಡೆಯವರೂ ಕರೆದರು. ಕರೆದಲ್ಲಿಗೆಲ್ಲ ಹೋದರು. ಮೈದುನ ಮಾತ್ರ ಬಿಡಲಿಲ್ಲ. ಗಾಡಿ ಹೊರಟಾಗಲೆಲ್ಲ ಬೀಡಿಯನ್ನು ಬೆರಳ ಸಂದಿಯಲ್ಲಿ ಹಿಡಿದು ಅದೇ ಮಾತು. "ಚಾರ್ಜ್ ಮುಗುದ್ರೆ ಫೋನ್ ಮಾಡು ಅತ್ಗೆ." ಅಕ್ಕ ಬಂದ ಮೇಲೆ ಅವನೆದುರೇ ಗಾಡಿ ನಿಲ್ಲಿಸಿ, ಮೀಟರ್ ಅವನ ಕಡೆಗೆ ತಿರುಗಿಸಿ, "ಎಣುಸ್ಕ" ಎನ್ನುತ್ತಿದ್ದರು. ನನಗೆ ಬೇಲಿಯ ಈಚೆ ದಿನಾ ಇದೊಂದು ನಾಟಕ.

ಉಳಿದ ಕಡ್ಡಿಯನ್ನೂ ಅವರು ದಂಡ ಮಾಡಲಿಲ್ಲ. ಕೆಂಪಮ್ಮನ ಊರಿನ ಕಣದಲ್ಲಿ ಅವಳಿಗೆ ಗಾಡಿ ಕಲಿಸಿದರು. ನಲವತ್ತು ದಾಟಿದ ಹೆಂಗಸು, ಸೈಕಲ್ ಕೂಡ ತುಳಿದವಳಲ್ಲ. ಮೊದಲ ದಿನ ಹುಲ್ಲಿನ ಮೆದೆಗೇ ನುಗ್ಗಿಸಿದಳಂತೆ. "ಮೆದೆಗೇನಾಯ್ತು?" ಎಂದು ನಾನು ಕೇಳಿದೆ. "ಮೆದೆ ಸರ್ಕೊಂತು" ಎಂದರು ಅಕ್ಕ. ಯಾಕೆ ಕಲಿಸುತ್ತೀರಿ ಎಂದೂ ಕೇಳಿದ್ದೆ. "ಹುಳ ಜ್ವರ ಬುಡೋ ಹೊತ್ಗೆ ನಂಗೇ ಜ್ವರ ಬಂದ್ರೆ?" ಎಂದು ನಕ್ಕಿದ್ದರು.

ಜ್ವರವಲ್ಲ, ಎದೆ. ಅವತ್ತು ಬೆಳಿಗ್ಗೆ ನಾನು ಹಾಲು ಕಾಸುತ್ತಿದ್ದಾಗ ಮೈದುನನ ಕೂಗು ಕೇಳಿತು. ಓಡಿಹೋಗಿ ನೋಡಿದರೆ ಅಕ್ಕ ಚಾಕಿ ಮನೆಯ ಹೊಸ್ತಿಲ ಹತ್ತಿರ ಬಿದ್ದಿದ್ದರು. ಕೈಯಲ್ಲಿ ಬಿಳಿ ಪಂಚೆ. ಟ್ರೇ ಕಟ್ಟಲು ಹೊರಟವರು. ಆಸ್ಪತ್ರೆಗೆ ಒಯ್ಯುವಂಥದ್ದು ಏನೂ ಉಳಿದಿರಲಿಲ್ಲ. ನನಗೆ ಅಳುವುದಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

ನೆಂಟರಿಷ್ಟರು ಸೇರಿದರು. ಸುದ್ದಿ ಮುಟ್ಟಿದ ಮೇಲೆ ಸಿಕ್ಕ ಮೊದಲ ಬಸ್ಸಿಗೆ ಕೆಂಪಮ್ಮನೂ ಬಂದಳು. ಅಕ್ಕನ ಕಾಲು ಹಿಡಿದು ಅತ್ತಳು, ಮೂಗು ಒರೆಸಿಕೊಂಡಳು, ನೇರ ಚಾಕಿ ಮನೆಗೆ ಹೋಗಿ ಟ್ರೇಗಳನ್ನು ಬಗ್ಗಿ ನೋಡಿದಳು. ದೊಡ್ಡಿಗೆ ಹೋಗಬೇಕಾದ ಹುಳುವೆಲ್ಲ ತಲೆಯೆತ್ತಿ ನಿದ್ದೆಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಏಳುತ್ತದೆ. ಗಾಡಿಗೆ ಎರಡು ಬ್ಯಾಟರಿಗೂ ಅಕ್ಕ ಹಿಂದಿನ ದಿನವೇ ಚಾರ್ಜ್ ತುಂಬಿಸಿಟ್ಟಿದ್ದರು.

ಕೆಂಪಮ್ಮ ಟ್ರೇ ಎತ್ತಿ ಹೊರಗೆ ತಂದಾಗ ಹಟ್ಟಿಯಲ್ಲಿ ಗುಜುಗುಜು ಶುರುವಾಯಿತು. ಹಿರಿಯರೊಬ್ಬರು ಕೋಲು ಊರಿ ಎದ್ದರು.

"ಹೆಣ ಇನ್ನೂ ಎತ್ತಿಲ್ಲ. ಸೂತ್ಕದ ಮನೆಯಿಂದ ಹುಳ ಆಚೆಗೆ ಹೋಗ್ಬಾರ್ದು ಕಣಮ್ಮ."

"ಹುಳಕ್ಕೇನ್ ಗೊತ್ತು ಯಜಮಾನ್ರೇ ಸೂತ್ಕ?" ಎಂದಳು ಕೆಂಪಮ್ಮ. "ಎದ್ರೆ ಸೊಪ್ಪು ಕೇಳ್ತದೆ."

ಅದೇ ಮಾತು. ನಾನು ಹೋಗಿ ಇನ್ನೊಂದು ಟ್ರೇಗೆ ಕೈ ಹಾಕಿದೆ. ಅವತ್ತು ನಾನು ಪೌಡರ್ ಹಚ್ಚಿರಲಿಲ್ಲ. ಯಜಮಾನರು ನನ್ನನ್ನು, ಓದಿದವಳು ನೀನೂನಾ ಎಂಬಂತೆ ನೋಡಿದರು. ನಾನೂ ನೋಡಿದೆ. ಗುಂಪಿನಲ್ಲಿ ಯಾರೋ, ಹೋಗಲೇಬೇಕಾದರೆ ವ್ಯಾನು ನಿಂತಿದೆಯಲ್ಲ, ಅದರಲ್ಲೇ ಬೇಗ ಕಳಿಸಿಬಿಡಿ ಎಂದರು.

ಆಗ ಮೈದುನ ಎದ್ದ. ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದವನು. ಕೈಯಲ್ಲಿದ್ದ ಬೀಡಿಯನ್ನು ನೆಲಕ್ಕೆ ಹೊಸಕಿ, ಟ್ರೇ ತೊಳೆಯುವ ತೊಟ್ಟಿಯ ಹತ್ತಿರ ಹೋದ. ಸೋಪು ಹಚ್ಚಿ ಮೊಣಕೈಯವರೆಗೆ ಕೈ ತೊಳೆದ. ಬಾಯಿ ಮುಕ್ಕಳಿಸಿದ. ಮತ್ತೊಂದು ಸಲ ಸೋಪು ಹಚ್ಚಿದ. ಅಕ್ಕ ಅವನಿಗೆ ವರ್ಷಗಟ್ಟಲೆ ಬೈದು ಬೈದು ಮಾಡಿಸಲಾಗದ ಕೆಲಸ. ಒದ್ದೆ ಕೈಯನ್ನು ಗಾಳಿಯಲ್ಲೇ ಒಣಗಿಸಿಕೊಂಡು ಬಂದು ನನ್ನ ಕೈಯಿಂದ ಟ್ರೇ ತೆಗೆದುಕೊಂಡ.

"ವ್ಯಾನ್ ಬ್ಯಾಡ. ನಾತ ಹೊಡೀತದೆ" ಎಂದ.

ಒಂದೊಂದೇ ಟ್ರೇಯನ್ನು ಸ್ಕೂಟರಿನ ಚೌಕಟ್ಟಿನ ಮೇಲೆ ಕೂರಿಸಿ, ಅಕ್ಕನ ಕೈಯಲ್ಲಿದ್ದ ಅದೇ ಪಂಚೆಯನ್ನು ಸುತ್ತಿ ಹಗ್ಗ ಬಿಗಿದ. ಕೆಂಪಮ್ಮ ಹೆಲ್ಮೆಟ್ಟು ಹಾಕಿಕೊಂಡು ಕೂತಳು. ಗಾಡಿ ಗೇಟು ದಾಟುವಾಗ ಅವನ ಬಾಯಿಂದ ಅಭ್ಯಾಸಬಲದಿಂದ ಆ ಮಾತು ಬಂದೇಬಿಟ್ಟಿತು.

"ಚಾರ್ಜ್ ಮುಗುದ್ರೆ ಫೋನ್..."

ಅಲ್ಲಿಗೇ ನಿಂತ.

"ಮಾಡ್ಬ್ಯಾಡ ಕಣವ್ವ. ಮುಗಿಯಾಕಿಲ್ಲ."

ಮಧ್ಯಾಹ್ನ ತೋಟದ ಮೂಲೆಯಲ್ಲಿ, ಗಂಡನ ಪಕ್ಕದಲ್ಲಿ ಅಕ್ಕನನ್ನು ಮಣ್ಣು ಮಾಡಿದರು. ಎಲ್ಲರೂ ಸ್ನಾನ ಮಾಡಿ ಬಂದು ಕೂತರು. ಮೈದುನ ಜೇಬಿನಿಂದ ಫೋನು ತೆಗೆದು ನೋಡುತ್ತಿದ್ದ, ಮತ್ತೆ ಜೇಬಿಗೆ ಹಾಕುತ್ತಿದ್ದ. ಯಜಮಾನರು, ಆ ಹೆಂಗಸು ಎಲ್ಲಿ ಕೆಟ್ಟು ನಿಂತಿದೆಯೋ ಎಂದರು. ಅವನು ಮತ್ತೊಂದು ಸಲ ಫೋನು ತೆಗೆದು ನೋಡಿದ. ಬೀಡಿ ಹಚ್ಚಲಿಲ್ಲ. ನಾನು ಬೇಲಿ ದಾಟಿ ನಮ್ಮ ಮನೆಗೆ ಹೋಗದೆ ಅಕ್ಕನ ಜಗಲಿಯ ಮೇಲೇ ಕೂತು ರಸ್ತೆ ನೋಡುತ್ತಿದ್ದೆ.

ಬಿಸಿಲು ಇಳಿಯುವವರೆಗೂ ಫೋನು ಬರಲಿಲ್ಲ. ಸ್ಕೂಟರ್ ಬಂತು.

ಕೆಂಪಮ್ಮ ಗಾಡಿಯನ್ನು ಮೈದುನನ ಮುಂದೆಯೇ ನಿಲ್ಲಿಸಿದಳು. ಹಿಂದಿನ ಚೌಕಟ್ಟು ಖಾಲಿ, ಮಡಚಿದ ಪಂಚೆ ಅವಳ ಮಡಿಲಲ್ಲಿ. ಮೀಟರನ್ನು ಅವನ ಕಡೆಗೆ ತಿರುಗಿಸಿದಳು. ಅವನು ಬಗ್ಗಿ, ಬೆರಳಿಟ್ಟು, ಉಳಿದ ಕಡ್ಡಿ ಎಣಿಸಿದ.